ಬಿಸಿಲು ಫುಕಟ್ ಸರಿ, ಬಿಲ್ ಯಾರು ಕೊಡ್ತಾರೆ?

ಕಲಬುರಗಿ ಮಂದಿಗೆ ಸೋಲಾರ್ ಷೇರಿನ ಕಥೆ ಹೇಳುವುದು ಬಹಳ ಸುಲಭ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಸೂಪರ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿ ಬಂದವರಿಗೆ "ಈ ಬಿಸಿಲಿನಿಂದ ಕರೆಂಟ್ ತೆಗೆದು ಮಾರುವ ಕಂಪನಿ ಇದೆ" ಅಂದರೆ ಸಾಕು, ಮಾತು ಮುಗಿಯುವ ಮೊದಲೇ ಫೋನ್‌ನಲ್ಲಿ ಡಿಮ್ಯಾಟ್ ಆ್ಯಪ್ ತೆರೆದಿರುತ್ತಾರೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೂ ಈಗ ಇದೇ ಮಾತು. ಕಲ್ಲಿದ್ದಲು, ಗ್ಯಾಸ್, ಡೀಸೆಲ್ ಇಲ್ಲದ ಕರೆಂಟಿಗೆ ದೇಶ 2030ಕ್ಕೆ 500 ಗಿಗಾವ್ಯಾಟ್ ಗುರಿ ಇಟ್ಟುಕೊಂಡಿದೆ. ಅಂತಹ ಮೂಲಗಳ ಪಾಲು ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ 2025ರಲ್ಲೇ ಅರ್ಧ ಮುಟ್ಟಿತು. ಇಷ್ಟಾದ ಮೇಲೆ ಷೇರು ಏರದೇ ಇರುತ್ತದಾ ಅಂತ ಕೇಳುತ್ತಾರೆ.

ಇರಬಹುದು. ಕ್ಷೇತ್ರ ಬೆಳೆಯುವುದು ಬೇರೆ, ಅದರಲ್ಲಿ ದುಡ್ಡು ಹಾಕಿದವರ ಕೈಗೆ ಏನಾದರೂ ಬರುವುದು ಬೇರೆ. ನಾನು ಗಣಿತದ ಟೀಚರ್, ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರ್ತಿ ಅಲ್ಲ. ಕರೆಂಟಿನ ಷೇರುಗಳಲ್ಲಿ ನಾನು ಯಾವುದು ಇಟ್ಟುಕೊಂಡಿದ್ದೇನೆ, ಯಾವುದು ಬೇಡ ಅಂದಿದ್ದೇನೆ, ಯಾಕೆ ಅನ್ನುವುದಷ್ಟೇ ಇಲ್ಲಿದೆ. ಓದಿ ನಿಮ್ಮ ಲೆಕ್ಕ ನೀವು ಹಾಕಿಕೊಳ್ಳಿ.

ನಮ್ಮೂರ ಧಾನ್ಯದ ಮಾರುಕಟ್ಟೆ ನೆಹರು ಗಂಜಿನಲ್ಲಿ ದಾಲ್ ಮಿಲ್ ನಡೆಸುವ ಸಾವ್ಕಾರರೊಬ್ಬರು ನಮಗೆ ಪರಿಚಯ. ಅವರ ಮಕ್ಕಳು ನನ್ನ ಹತ್ತಿರ ಓದಿದವರು. ಒಮ್ಮೆ ಅವರಿಗೆ ಒಂದು ಸೋಲಾರ್ ಕಂಪನಿಯ ವಿಷಯ ಉತ್ಸಾಹದಿಂದ ಹೇಳುತ್ತಿದ್ದೆ. ಈಗಿನ ಸಾಮರ್ಥ್ಯ ಇಷ್ಟು, ಐದು ವರ್ಷಕ್ಕೆ ಇಷ್ಟಾಗುತ್ತದೆ, 25 ವರ್ಷದ ಮಾರಾಟ ಒಪ್ಪಂದ ಕೈಯಲ್ಲಿದೆ. ಅವರು ಎಲ್ಲ ಕೇಳಿ ಒಂದೇ ಮಾತು ಅಂದರು. "ಅಕ್ಕೋರೆ, ಅದೆಲ್ಲ ಖರೆ ಅದ. ಮಾಲ್ ಯಾರಿಗೆ ಕೊಡ್ಲಾಕತ್ತಾರ? ರೊಕ್ಕ ಯಾವಾಗ ಬರ್ತದ?" ಉದ್ರಿ ಕೊಟ್ಟು ಉದ್ರಿ ತಗೊಂಡು ಜೀವನ ಮಾಡಿದವರ ಪ್ರಶ್ನೆ ಅದು. ಕಂಪನಿಯ ಹೂಡಿಕೆದಾರರ ಪ್ರೆಸೆಂಟೇಶನ್‌ನಲ್ಲಿ ಇದಕ್ಕೆ ಉತ್ತರ ಇರುತ್ತದೆ, ಆದರೆ ಬಣ್ಣದ ಪುಟಗಳಲ್ಲಿ ಇರುವುದಿಲ್ಲ, ಕೊನೆಯ ಸಣ್ಣ ಅಕ್ಷರದ ಪುಟಗಳಲ್ಲಿ ಇರುತ್ತದೆ.

ಈ ಪ್ರಶ್ನೆ ಎಷ್ಟು ದೊಡ್ಡದು ಅಂತ ತಿಳಿಯಲು ಒಂದು ಸಣ್ಣ ಲೆಕ್ಕ ಹಾಕೋಣ. ಅಂಕಿಗಳು ನಾನು ಸುಲಭಕ್ಕೆ ಇಟ್ಟುಕೊಂಡದ್ದು, ಯಾವ ಕಂಪನಿಯದೂ ಅಲ್ಲ. 1 ಮೆಗಾವ್ಯಾಟ್ ಸೋಲಾರ್ ಸ್ಥಾವರ ಅಂದರೆ 1000 ಕಿಲೋವ್ಯಾಟ್. ವರ್ಷಕ್ಕೆ 8760 ತಾಸು. ರಾತ್ರಿ, ಮೋಡ, ಎಳೆ ಬಿಸಿಲು ಎಲ್ಲ ಕಳೆದು ಸರಾಸರಿ 25% ಓಡಿತು ಅಂತ ಹಿಡಿಯಿರಿ, ಅದು ಉದಾರ ಲೆಕ್ಕವೇ. ವರ್ಷಕ್ಕೆ ಸುಮಾರು 21.9 ಲಕ್ಷ ಯುನಿಟ್ ಬರುತ್ತದೆ. ಯುನಿಟ್‌ಗೆ 2.50 ರೂಪಾಯಿ ದರ ಅಂದರೆ ಬಿಲ್ಲು ಸುಮಾರು 55 ಲಕ್ಷ. ಕಟ್ಟಲು 4 ಕೋಟಿ ಬಿತ್ತು, ಅದರಲ್ಲಿ 3 ಕೋಟಿ ಸಾಲ, 1 ಕೋಟಿ ಸ್ವಂತದ್ದು. 9% ಬಡ್ಡಿಯಂತೆ ಮೊದಲ ವರ್ಷ 27 ಲಕ್ಷ ಹೋಯಿತು. ನಿರ್ವಹಣೆಗೆ 5 ಲಕ್ಷ. ಅಸಲನ್ನು 18 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 17 ಲಕ್ಷ. ಕೈಯಲ್ಲಿ ಉಳಿದದ್ದು 6 ಲಕ್ಷ.

ಈಗ ಬಡ್ಡಿಯನ್ನು 9ರಿಂದ 10% ಮಾಡಿ. ಉಳಿಯುವುದು 3 ಲಕ್ಷ. ಒಂದೇ ಒಂದು ಶೇಕಡಾ ಬಡ್ಡಿ ಮೊದಲ ವರ್ಷದ ಉಳಿಕೆಯ ಅರ್ಧ ತಿಂದು ಹಾಕಿತು. ಬಡ್ಡಿ ಬಿಡಿ, ಖರೀದಿ ಮಾಡುವವರು ಮೂರು ತಿಂಗಳ ಬಿಲ್ಲು ತಡ ಮಾಡಿದರು ಅಂತ ಹಿಡಿಯಿರಿ. ಸುಮಾರು 14 ಲಕ್ಷ ಸಿಕ್ಕಿಹಾಕಿಕೊಂಡಿತು. ವರ್ಷಪೂರ್ತಿ ಬಿಸಿಲು ಸುರಿದು ಉಳಿಸಿದ್ದರ ಎರಡು ಪಟ್ಟಿಗಿಂತ ಜಾಸ್ತಿ. ಬ್ಯಾಂಕಿನ ಕಂತು ಮಾತ್ರ ತಡ ಆಗುವಂತಿಲ್ಲ, ಅದಕ್ಕೆ ಇನ್ನೊಂದು ಸಾಲ. ವರ್ಷ ಕಳೆದಂತೆ ಅಸಲು ಕರಗಿ ಬಡ್ಡಿ ಕಡಿಮೆ ಆಗುತ್ತದೆ, ಉಳಿಕೆ ಹೆಚ್ಚುತ್ತದೆ, ಅದು ನಿಜ. ಆದರೆ ಬೆಳೆಯುವ ಕಂಪನಿ ಪ್ರತಿ ವರ್ಷ ಹೊಸ ಸ್ಥಾವರ, ಹೊಸ ಸಾಲ ಅಂತ ಹೋಗುತ್ತಲೇ ಇರುವುದರಿಂದ ಆ ಹಂತ ಮುಂದಕ್ಕೆ ಮುಂದಕ್ಕೆ ಸರಿಯುತ್ತದೆ. ಯುನಿಟ್ ದರವೋ ಬಹುತೇಕ ಒಪ್ಪಂದಗಳಲ್ಲಿ 25 ವರ್ಷಕ್ಕೂ ಒಂದೇ. ಅದರ ಮೇಲೆ ಸ್ಪರ್ಧೆ ನೋಡಿ. ಇಲ್ಲಿ ಹರಾಜು ಅಂದರೆ ಕಡಿಮೆ ದರ ಕೇಳಿದವರಿಗೆ ಕೆಲಸ. 2010ರ ಹೊತ್ತಿನ ಹರಾಜುಗಳಲ್ಲಿ ಸೋಲಾರ್ ಯುನಿಟ್‌ಗೆ 10 ರೂಪಾಯಿಗಿಂತ ಮೇಲೆ ಇತ್ತು. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44ಕ್ಕೆ ಬಂತು. 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ 1.99. ಕರೆಂಟ್ ಉರಿಸುವವರಿಗೆ ಇದು ಹಬ್ಬ. ಷೇರು ಇಟ್ಟುಕೊಂಡವರು ಮಾತ್ರ ಒಮ್ಮೆ ಯೋಚನೆ ಮಾಡಬೇಕು.

ನಡುವೆ ಒಂದು ಮಾತು. ನಮ್ಮ ಕಡೆಯ ಬಿಸಿಲು ಪ್ಯಾನೆಲ್‌ಗೆ ಬಹಳ ಒಳ್ಳೆಯದು ಅಂತ ಎಲ್ಲರೂ ತಿಳಿದಿದ್ದಾರೆ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಸೆಕೆ ಅಲ್ಲ. ಅದರ ಸಾಮರ್ಥ್ಯವನ್ನು ಅಳೆಯುವುದು ಸೆಲ್ 25 ಡಿಗ್ರಿ ಇದ್ದಾಗ. ಅದಕ್ಕಿಂತ ಮೇಲೆ ಹೋದ ಪ್ರತಿ ಡಿಗ್ರಿಗೆ 0.3ರಿಂದ 0.4% ಉತ್ಪಾದನೆ ಇಳಿಯುತ್ತದೆ. ಹೊರಗೆ 43 ಇದ್ದರೆ ಪ್ಯಾನೆಲ್ 65 ಮುಟ್ಟುವುದು ಕಷ್ಟವೇನಲ್ಲ. ಅಲ್ಲಿಗೆ 12ರಿಂದ 16% ಹೋಯಿತು. ಮೇಲೆ ಧೂಳು, ತೊಳೆಯಲು ನೀರು ಬೇಕು. ಚಳಿಗಾಲದ ತಿಳಿ ಆಕಾಶದ ಮಧ್ಯಾಹ್ನ ಪ್ಯಾನೆಲ್‌ಗೆ ಮೇ ತಿಂಗಳ ಉರಿಗಿಂತ ಹಿತ.

ಸಾವ್ಕಾರರ ಪ್ರಶ್ನೆಗೆ ಬರೋಣ. ಮಾಲ್ ಯಾರಿಗೆ? ಹೆಚ್ಚಿನದು ರಾಜ್ಯಗಳ ಎಸ್ಕಾಂಗಳಿಗೆ, ನೇರವಾಗಿ ಅಥವಾ ಸೆಕಿಯಂತಹ ಕೇಂದ್ರ ಸಂಸ್ಥೆಯ ಮೂಲಕ. ನಮ್ಮ ಭಾಗಕ್ಕೆ ಅದು ಜೆಸ್ಕಾಂ. 2002ರಲ್ಲಿ ಕೆಪಿಟಿಸಿಎಲ್‌ನಿಂದ ಹಂಚಿಕೆಯ ಕೆಲಸ ಬೇರೆ ಮಾಡಿದಾಗ ಹುಟ್ಟಿದ್ದು, ಕೇಂದ್ರ ಕಚೇರಿ ನಮ್ಮೂರಲ್ಲೇ ಇದೆ. ಪೂರ್ತಿ ಸರ್ಕಾರದ್ದು, ಮಾರುಕಟ್ಟೆಯಲ್ಲಿ ಷೇರಿಲ್ಲ. ರಾಯಚೂರಿನ ಶಕ್ತಿನಗರದ ಸ್ಥಾವರ ಕೆಪಿಸಿಯದು, ಅದರ ಷೇರೂ ಇಲ್ಲ. ಅಂದರೆ ನಮಗೆ ತೀರಾ ಹತ್ತಿರದಿಂದ ಗೊತ್ತಿರುವ ಕರೆಂಟ್ ಕಂಪನಿಗಳನ್ನು ನಾವು ಕೊಳ್ಳಲು ಆಗುವುದೇ ಇಲ್ಲ. ಆದರೂ ಅವುಗಳನ್ನು ನೋಡಿಯೇ ನಾವು ಕಲಿಯಬಹುದು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. 2023ರಿಂದ ಗೃಹಜ್ಯೋತಿಯಲ್ಲಿ ಮನೆಗೆ 200 ಯುನಿಟ್‌ವರೆಗೆ ಉಚಿತ. ಯೋಜನೆ ಸರಿಯೋ ತಪ್ಪೋ ಅನ್ನುವ ಚರ್ಚೆಗೆ ನಾನಿಲ್ಲಿ ಹೋಗುವುದಿಲ್ಲ, ನಮ್ಮ ಮನೆಗೂ ಅದರಿಂದ ಅನುಕೂಲ ಆಗಿದೆ. ಹೂಡಿಕೆದಾರರಾಗಿ ಗಮನಿಸಬೇಕಾದದ್ದು ಇಷ್ಟು: ಗಿರಾಕಿ ಕೊಡದ ದುಡ್ಡನ್ನು ಸರ್ಕಾರ ಬಜೆಟ್‌ನಿಂದ ಕೊಡಬೇಕು, ಅದು ಎಸ್ಕಾಂಗೆ ಬರಬೇಕು, ಅಲ್ಲಿಂದ ಉತ್ಪಾದಕ ಕಂಪನಿಗೆ, ಅಲ್ಲಿಂದ ಬ್ಯಾಂಕಿಗೆ, ಎಲ್ಲ ಮುಗಿದು ಉಳಿದರೆ ಷೇರುದಾರರಿಗೆ. ನಾವು ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತಿರುತ್ತೇವೆ.

2022ರ ಜೂನ್ ಹೊತ್ತಿಗೆ ದೇಶದ ವಿತರಣಾ ಕಂಪನಿಗಳು ಉತ್ಪಾದಕರಿಗೆ ಕೊಡಬೇಕಾಗಿದ್ದ ಹಳೆ ಬಾಕಿ ಸುಮಾರು 1.38 ಲಕ್ಷ ಕೋಟಿ ರೂಪಾಯಿ. ಆಗ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತು. ಹಳೆ ಬಾಕಿಯನ್ನು 48 ತಿಂಗಳ ಕಂತುಗಳವರೆಗೆ ಕಟ್ಟಬಹುದು, ಹೊಸ ಬಾಕಿ ಉಳಿಸಿಕೊಂಡರೆ ಕರೆಂಟನ್ನು ಆಯಾ ಹೊತ್ತಿನ ದರಕ್ಕೆ ಕೊಂಡು ಮಾರುವ ಮಾರುಕಟ್ಟೆಯಾದ ಪವರ್ ಎಕ್ಸ್‌ಚೇಂಜ್‌ನಲ್ಲಿ ಕರೆಂಟ್ ಕೊಳ್ಳಲು ಬಿಡುವುದಿಲ್ಲ. ಬಾಕಿ ಜೋರಾಗಿ ಇಳಿಯಿತು. ಆಮೇಲಿನ ಎರಡು ವರ್ಷ ಕರೆಂಟ್ ಷೇರುಗಳು ಏರಿದ್ದರಲ್ಲಿ ಈ ನಿಯಮದ ಪಾಲು ದೊಡ್ಡದು ಅಂತ ನನ್ನ ಅಭಿಪ್ರಾಯ. ಟಿವಿಯಲ್ಲಿ ಮಾತ್ರ ಎಲ್ಲರೂ ಹಸಿರು ಕರೆಂಟಿನ ಕ್ರಾಂತಿ ಅಂತಲೇ ಹೇಳುತ್ತಿದ್ದರು.

ಒಪ್ಪಂದ ಇದೆಯಲ್ಲ, ಭಯ ಯಾಕೆ ಅನ್ನುವವರಿಗೆ ಪಕ್ಕದ ಆಂಧ್ರವನ್ನು ತೋರಿಸುತ್ತೇನೆ. 2019ರಲ್ಲಿ ಅಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಹಳೆಯ ಪವನ ಮತ್ತು ಸೋಲಾರ್ ಒಪ್ಪಂದಗಳ ದರ ಜಾಸ್ತಿ ಆಯಿತು, ಇಳಿಸಿ ಅಂತ ಪಟ್ಟು ಹಿಡಿಯಿತು. ಪ್ರಕರಣ ಹೈಕೋರ್ಟಿಗೆ ಹೋಯಿತು, ಮಧ್ಯಂತರವಾಗಿ ಪವನಕ್ಕೆ 2.43, ಸೋಲಾರ್‌ಗೆ 2.44 ರೂಪಾಯಿ ಅಂತ ಆಯಿತು. 2022ರ ಮಾರ್ಚ್‌ನಲ್ಲಿ ಒಪ್ಪಂದದ ದರವನ್ನೇ ಕೊಡಬೇಕು ಅಂತ ತೀರ್ಪು ಬಂತು. ಕಂಪನಿಗಳು ಗೆದ್ದವು. ಆದರೆ ನಡುವಿನ ಎರಡೂವರೆ ವರ್ಷ ಬ್ಯಾಂಕು ಬಡ್ಡಿ ಕೇಳದೆ ಸುಮ್ನೆ ಕೂತಿರಲಿಲ್ಲ ಅಲ್ವಾ?

ನಮ್ಮ ರಾಜ್ಯದಲ್ಲೂ ಒಂದು ಪಾಠ ಇದೆ. ಜಮೀನಿರುವ ರೈತರು 1ರಿಂದ 3 ಮೆಗಾವ್ಯಾಟ್‌ನ ಸೋಲಾರ್ ಸ್ಥಾವರ ಹಾಕುವ ಯೋಜನೆ 2014ರ ಸುಮಾರಿಗೆ ಬಂತು. ದರ ಯುನಿಟ್‌ಗೆ 8.40 ರೂಪಾಯಿ. ಅಷ್ಟೊತ್ತಿಗೆ ಪ್ಯಾನೆಲ್ ಬೆಲೆ ಇಳಿಯಿತು, ಮಾರುಕಟ್ಟೆ ದರವೂ ಬಿತ್ತು. ಹೇಳಿದ ದಿನಕ್ಕೆ ಸ್ಥಾವರ ಶುರು ಮಾಡದವರಿಗೆ 4.36 ಮಾತ್ರ ಅಂತ ಆಯಿತು, ತಡ ಆದದ್ದು ಸರ್ಕಾರಿ ಅನುಮತಿ ಸಿಗದೇ ಅಂತ ಉತ್ಪಾದಕರು ಕೋರ್ಟು ಹತ್ತಿದರು. ಅದಾದ ಮೇಲೆ ಯಾವ ಕಂಪನಿ ನೋಡಿದರೂ ನಾನು "ಮುಂದೆ ಬರಲಿರುವ ಸಾಮರ್ಥ್ಯ" ಅನ್ನುವ ಅಂಕಿಯನ್ನು ಅರ್ಧ ನಂಬುತ್ತೇನೆ. ಓಡುತ್ತಿರುವುದು ಎಷ್ಟು, ಕಟ್ಟುತ್ತಿರುವುದು ಎಷ್ಟು, ಬರೀ ಪತ್ರ ಸಿಕ್ಕಿರುವುದು ಎಷ್ಟು, ಮೂರೂ ಬೇರೆ ಬೇರೆ. 2025ರಲ್ಲಿ ಹರಾಜು ಗೆದ್ದು ಪತ್ರ ಸಿಕ್ಕಿದರೂ ಕೊಳ್ಳುವ ರಾಜ್ಯ ಸಹಿ ಹಾಕದೇ ಉಳಿದ ಯೋಜನೆಗಳೇ 40 ಗಿಗಾವ್ಯಾಟ್‌ಗಿಂತ ಜಾಸ್ತಿ ಇದ್ದವು.

ಇನ್ನೊಂದು ಗೊಂದಲ ಇದೆ. "ಗ್ರೀನ್ ಎನರ್ಜಿ ಷೇರು" ಅಂತ ಜನ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ವ್ಯಾಪಾರಗಳನ್ನು ಹೇಳುತ್ತಾರೆ. ಪ್ಯಾನೆಲ್ ಅಥವಾ ಗಾಳಿಯಂತ್ರ ತಯಾರಿಸುವವರು ಒಂದು ಕಡೆ, ವಾರೀ, ಪ್ರೀಮಿಯರ್, ಸುಜ್ಲಾನ್, ಐನಾಕ್ಸ್ ವಿಂಡ್. ಕರೆಂಟ್ ಉತ್ಪಾದಿಸಿ ಮಾರುವವರು, ಅದಾನಿ ಗ್ರೀನ್, ಎನ್‌ಟಿಪಿಸಿ ಗ್ರೀನ್, ಜೆಎಸ್‌ಡಬ್ಲ್ಯೂ ಎನರ್ಜಿ. ಸಾಲ ಕೊಡುವವರು, ಇರೆಡಾ, ಪಿಎಫ್‌ಸಿ, ಆರ್‌ಇಸಿ. ತಂತಿ ಎಳೆಯುವವರು, ಪವರ್ ಗ್ರಿಡ್‌ನಂತಹವರು. ಸರ್ಕಾರ ಆಮದು ಸುಂಕ ಬದಲಾಯಿಸಿದರೆ ತಯಾರಕರ ಲಾಭ ಒಂದೇ ವರ್ಷದಲ್ಲಿ ತಲೆಕೆಳಗಾಗುತ್ತದೆ, ತಂತಿಯವರಿಗೆ ಅದು ಗೊತ್ತೂ ಆಗುವುದಿಲ್ಲ. ಬಡ್ಡಿ ಏರಿದರೆ ಉತ್ಪಾದಕರಿಗೆ ಪೆಟ್ಟು.

ಸುಜ್ಲಾನ್ ಕಥೆಯನ್ನು ಪೂರ್ತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ತುಳಸಿ ತಂತಿ ಅವರದು ಗುಜರಾತಿನಲ್ಲಿ ಬಟ್ಟೆ ಉದ್ಯಮ. ಕರೆಂಟ್ ಖರ್ಚು ತಾಳಲಾರದೆ ಎರಡು ಗಾಳಿಯಂತ್ರ ಹಾಕಿಸಿಕೊಂಡರು, ಅದರ ಅನುಭವದಿಂದ 1995ರಲ್ಲಿ ಸುಜ್ಲಾನ್ ಶುರು ಮಾಡಿದರು. 2005ರಲ್ಲಿ ಐಪಿಒ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರಿದ್ದು, 10 ರೂಪಾಯಿ ಮುಖಬೆಲೆಯ ಷೇರಿಗೆ 510 ರೂಪಾಯಿ. 2007ರಲ್ಲಿ ಜರ್ಮನಿಯ ರೀಪವರ್ ಕಂಪನಿಯನ್ನು ಸಾಲ ಮಾಡಿ ಹಿಡಿತಕ್ಕೆ ತಗೊಂಡರು. 2008ರಲ್ಲಿ ಜಗತ್ತಿನ ಆರ್ಥಿಕತೆಯೇ ಕುಸಿಯಿತು, ಆರ್ಡರ್ ನಿಂತವು, ಸಾಲ ನಿಲ್ಲಲಿಲ್ಲ. 2012ರಲ್ಲಿ ವಿದೇಶಿ ಬಾಂಡ್ ಮರುಪಾವತಿ ತಪ್ಪಿತು. 2015ರಲ್ಲಿ ಆ ಜರ್ಮನ್ ಕಂಪನಿಯನ್ನೇ ಮಾರಬೇಕಾಯಿತು. ಒಂದನ್ನು ಐದು ಮಾಡಿ ಮುಖಬೆಲೆ 2 ರೂಪಾಯಿಗೆ ಒಡೆದಿದ್ದ ಷೇರು 2020ರ ಮಾರ್ಚ್‌ನಲ್ಲಿ 2 ರೂಪಾಯಿಗಿಂತ ಕೆಳಗೆ ಸಿಗುತ್ತಿತ್ತು. 2022ರ ಅಕ್ಟೋಬರ್ 1ರಂದು ತುಳಸಿ ತಂತಿ ತೀರಿಕೊಂಡರು, ಅದೇ ತಿಂಗಳು ಕಂಪನಿ ಇದ್ದ ಷೇರುದಾರರಿಗೇ 5 ರೂಪಾಯಿಯಂತೆ ಹೊಸ ಷೇರು (ರೈಟ್ಸ್) ಕೊಟ್ಟು ದುಡ್ಡೆತ್ತಿತು. ಸಾಲ ತೀರಿತು. 2024ರ ಸೆಪ್ಟೆಂಬರ್‌ನಲ್ಲಿ ಷೇರು 80 ದಾಟಿತು. ಈ ಇಪ್ಪತ್ತು ವರ್ಷವೂ ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ಬೀಸುತ್ತಲೇ ಇತ್ತು. ಕುಸಿತಕ್ಕೂ ಏರಿಕೆಗೂ ಕಾರಣ ಸಾಲದ ಪುಟದಲ್ಲಿತ್ತು. ಅದಕ್ಕೇ ನಾನು ಯಾವ ಕಂಪನಿಯ ವಾರ್ಷಿಕ ವರದಿ ತೆರೆದರೂ ಮೊದಲು ಹೋಗುವುದು ಅಲ್ಲಿಗೆ.

ಒಳ್ಳೆಯ ಕಂಪನಿ ಆದರೂ ಕೊಂಡ ಬೆಲೆ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಎನ್‌ಎಚ್‌ಪಿಸಿ ನೋಡಿ. 2009ರಲ್ಲಿ 36 ರೂಪಾಯಿಗೆ ಐಪಿಒ. ಸರ್ಕಾರದ್ದು, ಲಾಭದಲ್ಲಿದ್ದದ್ದು, ಜಲವಿದ್ಯುತ್ತು. ಆ 36ನ್ನು ಗಟ್ಟಿಯಾಗಿ ದಾಟಲು ಷೇರಿಗೆ ಹತ್ತು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಅದರ ಸುಬನ್‌ಸಿರಿ ಯೋಜನೆ 2011ರಿಂದ 2019ರವರೆಗೆ ಕೆಲಸವೇ ನಡೆಯದೆ ನಿಂತಿತ್ತು. 2008ರ ಜನವರಿಯ ರಿಲಯನ್ಸ್ ಪವರ್ ಐಪಿಒ ಅಂತೂ ಇನ್ನೊಂದೇ ತರಹ. ಹೇಳಿಕೊಳ್ಳುವಂತಹ ಓಡುವ ಸ್ಥಾವರ ಇಲ್ಲದ ಕಂಪನಿಗೆ ಎಪ್ಪತ್ತು ಪಟ್ಟಿಗಿಂತ ಜಾಸ್ತಿ ಅರ್ಜಿ ಬಂದವು. ಸಣ್ಣ ಹೂಡಿಕೆದಾರರಿಗೆ 430 ರೂಪಾಯಿಯಂತೆ ಸಿಕ್ಕ ಷೇರು ಮೊದಲ ದಿನವೇ 372ಕ್ಕೆ ಬಂದು ನಿಂತಿತು. 2020ರಲ್ಲಿ 1 ರೂಪಾಯಿ ಆಸುಪಾಸು. ಇರೆಡಾ ಇದಕ್ಕೆ ತಿರುಗಾ ಮುರುಗಾ, 2023ರ ನವೆಂಬರ್‌ನಲ್ಲಿ 32ಕ್ಕೆ ಬಂದದ್ದು ಎಂಟು ತಿಂಗಳಲ್ಲಿ 300 ದಾಟಿತು, ಆಮೇಲೆ ಅರ್ಧಕ್ಕೆ ಇಳಿಯಿತು. 32ಕ್ಕೆ ಸಿಕ್ಕವರು ಅದೃಷ್ಟವಂತರು. 300ಕ್ಕೆ ಕೊಂಡವರೂ ಅದೇ ಕಂಪನಿಯನ್ನೇ ಕೊಂಡದ್ದು.

ಹಾಗಾದರೆ ನನ್ನ ಹತ್ತಿರ ಏನಿದೆ? ದೊಡ್ಡ ಪಾಲು ಪವರ್ ಗ್ರಿಡ್. ಇದನ್ನು ಹೇಳಿದರೆ ಸ್ಟಾಫ್ ರೂಮಿನಲ್ಲಿ ಯಾರಿಗೂ ಮಜಾ ಬರುವುದಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ದೊಡ್ಡ ತಂತಿಗಳು, ಸಬ್‌ಸ್ಟೇಷನ್‌ಗಳು ಅದರ ವ್ಯಾಪಾರ. ತಂತಿಯಲ್ಲಿ ಎಷ್ಟು ಕರೆಂಟ್ ಹರಿಯಿತು ಅನ್ನುವುದರ ಮೇಲೆ ಅದಕ್ಕೆ ದುಡ್ಡು ಬರುವುದಿಲ್ಲ, ತಂತಿ ಎಷ್ಟು ಹೊತ್ತು ಸಿದ್ಧವಾಗಿತ್ತು ಅನ್ನುವುದರ ಮೇಲೆ ಬರುತ್ತದೆ. ಪರ್ಯಾಯ ವಿದ್ಯುತ್ತಿನ (ಎಸಿ) ಲೈನುಗಳಿಗೆ 98% ಹೊತ್ತು ಸಿದ್ಧ ಇರಬೇಕು ಅನ್ನುವುದು ಅಳತೆ. ಹಳೆಯ ಆಸ್ತಿಗಳಿಗೆ ಹಾಕಿದ ಸ್ವಂತ ಬಂಡವಾಳದ ಮೇಲೆ 15.5% ಪ್ರತಿಫಲ ಅಂತ ಕೇಂದ್ರದ ವಿದ್ಯುತ್ ನಿಯಂತ್ರಣ ಆಯೋಗ ಗೊತ್ತು ಮಾಡಿದೆ. ಬಿಲ್ಲು ಒಬ್ಬ ಗಿರಾಕಿಯದೂ ಅಲ್ಲ. ದೇಶದಾದ್ಯಂತ ಬಳಸುವವರಿಂದ ಒಟ್ಟಿಗೆ ವಸೂಲಾಗಿ ಹಂಚಿಕೆ ಆಗುತ್ತದೆ, ಹಾಗಾಗಿ ಒಂದು ರಾಜ್ಯ ತಡ ಮಾಡಿದರೆ ಪೆಟ್ಟು ಒಬ್ಬರ ತಲೆಗೇ ಬೀಳುವುದಿಲ್ಲ. ಸೋಲಾರ್ ಗೆದ್ದರೂ ಗಾಳಿ ಗೆದ್ದರೂ ಕಛ್‌ನ ಖಾವಡಾದಿಂದಲೋ ರಾಜಸ್ಥಾನದಿಂದಲೋ ಕರೆಂಟ್ ತರಲು ತಂತಿ ಬೇಕೇ ಬೇಕು. ಇದರಲ್ಲೂ ಒಂದು ಮುಳ್ಳಿದೆ. ಹೊಸ ಲೈನುಗಳು ಈಗ ಹೆಚ್ಚಾಗಿ ಹರಾಜಿನಲ್ಲಿ ಹೋಗುತ್ತವೆ, ಅಲ್ಲಿ ಆ 15.5ರ ಭರವಸೆ ಇಲ್ಲ, ಕಡಿಮೆ ಕೇಳಿದವರಿಗೆ ಕೆಲಸ. ಹೊಲದ ಮೇಲೆ ತಂತಿ ಹಾಯಿಸಲು ರೈತರು ಸರಿಯಾದ ಪರಿಹಾರ ಕೇಳುತ್ತಾರೆ, ಕೇಳಬೇಕಾದದ್ದೇ, ಅದರಿಂದ ಕೆಲಸ ತಡ ಆಗುವುದೂ ಇದೆ.

ಎರಡನೆಯದು ಎನ್‌ಟಿಪಿಸಿ. ಕಲ್ಲಿದ್ದಲಿನ ಕಂಪನಿಯನ್ನು ಹಸಿರು ಬುಟ್ಟಿಯಲ್ಲಿ ಯಾಕೆ ಇಟ್ಟಿದ್ದೀರಿ ಅಂತ ಕೇಳುತ್ತಾರೆ. ಪಕ್ಕದ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಅದರ 2400 ಮೆಗಾವ್ಯಾಟ್ ಸ್ಥಾವರ ಇದೆ, 800ರ ಮೂರು ಘಟಕ. ಇಂತಹ ಸ್ಥಾವರ ಓಡಲು ಸಿದ್ಧ ಇದ್ದರೆ ಸಾಕು, ಅದನ್ನು ಕಟ್ಟಿ ಇಟ್ಟುಕೊಂಡ ಸ್ಥಿರ ವೆಚ್ಚ ಕೊಳ್ಳುವ ರಾಜ್ಯಗಳಿಂದ ಬರುತ್ತದೆ. ರಾಜ್ಯ ಮಧ್ಯಾಹ್ನ ಸೋಲಾರ್ ಇದೆ ಅಂತ ಅದರಿಂದ ಕಡಿಮೆ ಕರೆಂಟ್ ಎಳೆದುಕೊಂಡರೂ ಅಷ್ಟೇ. ಆ ಖಚಿತ ಹಣದಿಂದ ಅದು ಹಸಿರಿನ ಕಡೆ ಹೋಗುತ್ತಿದೆ, 2032ಕ್ಕೆ 60 ಗಿಗಾವ್ಯಾಟ್ ಗುರಿ. ಅದರ ಮಗಳು ಕಂಪನಿ ಎನ್‌ಟಿಪಿಸಿ ಗ್ರೀನ್ 2024ರ ನವೆಂಬರ್‌ನಲ್ಲಿ 108 ರೂಪಾಯಿಗೆ ಮಾರುಕಟ್ಟೆಗೆ ಬಂತು. ಐಪಿಒ ಆದ ಮೇಲೂ ಅದರ ಸುಮಾರು 89% ತಾಯಿ ಕಂಪನಿಯ ಹತ್ತಿರವೇ ಉಳಿಯಿತು. ಹಾಗಿದ್ದ ಮೇಲೆ ಮಗಳಿಗೆ ಬೇರೆ ಬೆಲೆ ಕೊಡುವ ಗರಜು ನನಗೆ ಕಾಣಲಿಲ್ಲ, ತಾಯಿಯನ್ನು ಕೊಂಡರೆ ಅದೂ ಬರುತ್ತದೆ. ಕಲ್ಲಿದ್ದಲು ಬೇಡವೇ ಬೇಡ ಅನ್ನುವವರ ಲೆಕ್ಕ ಬೇರೆ ಇರಬಹುದು, ಅದು ಅವರ ಮನಸ್ಸಿನ ವಿಷಯ.

ಮೂರನೆಯದು ಇನ್ವಿಟ್. ಮುಗಿದ ತಂತಿಗಳನ್ನು ಒಂದು ಟ್ರಸ್ಟಿಗೆ ಹಾಕಿ ಅದರ ಪಾಲನ್ನು ಯುನಿಟ್ ಅಂತ ಮಾರುತ್ತಾರೆ. ಇಂಡಿಗ್ರಿಡ್ 2017ರಲ್ಲಿ ಬಂತು, ಪವರ್ ಗ್ರಿಡ್‌ನ ಇನ್ವಿಟ್ 2021ರಲ್ಲಿ, ಎರಡೂ 100 ರೂಪಾಯಿಗೆ. ಹಂಚಲು ಸಿಗುವ ನಗದಿನಲ್ಲಿ ಕನಿಷ್ಠ 90% ಹಂಚಲೇಬೇಕು ಅನ್ನುವುದು ಸೆಬಿ ನಿಯಮ. ನಿವೃತ್ತಿ ಹತ್ತಿರ ಇರುವ ನಮ್ಮಂತಹವರಿಗೆ ಮೂರು ತಿಂಗಳಿಗೊಮ್ಮೆ ದುಡ್ಡು ಬರುವುದು ಹಿತವೇ. ಆದರೆ "11% ಬಡ್ಡಿ ಬರ್ತದ" ಅಂತ ಬ್ಯಾಂಕ್ ಡಿಪಾಸಿಟ್ ಜೊತೆ ಹೋಲಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬರುವ ದುಡ್ಡಿನಲ್ಲಿ ಒಂದಿಷ್ಟು ಬಡ್ಡಿ, ಒಂದಿಷ್ಟು ಲಾಭಾಂಶ, ಒಂದಿಷ್ಟು ನಿಮ್ಮದೇ ಅಸಲು ವಾಪಸ್. ಮೂರಕ್ಕೂ ತೆರಿಗೆ ಬೇರೆ ಬೇರೆ. 100ಕ್ಕೆ ಕೊಂಡ ಯುನಿಟ್ ಬೆಲೆ 80 ಆಗುವುದೂ ಉಂಟು. ವಿತರಣೆಯ ಚೀಟಿಯನ್ನು ಬಿಡಿಸಿ ಓದಬೇಕು, ಬೇಸರ ಆದರೂ.

ಬರೀ ಸೋಲಾರ್ ಮಾರುವ ಕಂಪನಿಯನ್ನು ನಾನು ಇನ್ನೂ ಕೊಂಡಿಲ್ಲ. ಕಾರಣ ಗಂಜಿನ ಮಂದಿಗೆ ಬೇಗ ತಿಳಿಯುತ್ತದೆ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಮುಂದಿನ ವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಒಳ್ಳೆಯದಾಯಿತು, ಎಲ್ಲರ ಮಾಲೂ ಒಟ್ಟಿಗೆ ಬಂತು. ಬೋನಸ್ ಸೇರಿ ಕ್ವಿಂಟಲ್‌ಗೆ 5050 ಬೆಂಬಲ ಬೆಲೆ ಇದ್ದರೂ ಗಂಜಿನಲ್ಲಿ ಅಷ್ಟು ಸಿಗದೆ ರೈತರು ಖರೀದಿ ಕೇಂದ್ರದ ಮುಂದೆ ಪಾಳಿ ನಿಂತರು. ಸೋಲಾರ್ ದಿನಾ ಹೀಗೇ. ಎಲ್ಲರ ಪ್ಯಾನೆಲ್‌ನ ಕರೆಂಟೂ ಹತ್ತರಿಂದ ಮೂರರ ಒಳಗೇ ಬರುತ್ತದೆ. 2025ರ ಬೇಸಿಗೆಯಲ್ಲಿ ಕೆಲವು ದಿನ ಪವರ್ ಎಕ್ಸ್‌ಚೇಂಜ್‌ನಲ್ಲಿ ಮಧ್ಯಾಹ್ನದ ದರ ಸೊನ್ನೆಯ ಹತ್ತಿರ ಬಂದಿತ್ತು. ಅದೇ ಎಕ್ಸ್‌ಚೇಂಜ್‌ನಲ್ಲಿ ಸಂಜೆ ಬೇಡಿಕೆ ಬಿಗಿಯಾದ ದಿನ ದರ ಮಿತಿಯಾದ 10 ರೂಪಾಯಿಗೇ ಹೋಗಿ ತಾಗುತ್ತದೆ. 25 ವರ್ಷದ ಒಪ್ಪಂದ ಇರುವವರಿಗೆ ಈ ದರದ ಚಿಂತೆ ಇಲ್ಲ, ಆದರೆ ತಂತಿಯಲ್ಲಿ ಜಾಗ ಇಲ್ಲದಿದ್ದರೆ ಅವರಿಗೂ "ಉತ್ಪಾದನೆ ಇಳಿಸಿ" ಅನ್ನುವ ಆದೇಶ ಬರುತ್ತದೆ, ರಾಜಸ್ಥಾನದಲ್ಲಿ ಬಂದಿದೆ. ಹೊಸ ಹರಾಜುಗಳಲ್ಲಿ ಬ್ಯಾಟರಿ ಜೊತೆಗೆ ಕೇಳುತ್ತಿರುವುದು ಇದಕ್ಕೇ. ಬ್ಯಾಟರಿ ಸೇರಿದ ಒಪ್ಪಂದಗಳು ಒಂದಷ್ಟು ವರ್ಷ ಓಡಿ ಅವುಗಳ ಬ್ಯಾಲೆನ್ಸ್ ಶೀಟ್ ಕಣ್ಣಿಗೆ ಬಿದ್ದ ಮೇಲೆ ನೋಡುತ್ತೇನೆ. ಅಷ್ಟರಲ್ಲಿ ಷೇರು ಏರಿದರೆ ಏರಲಿ.

ಕಂಪನಿಯ ಬಗ್ಗೆ ತಿಳಿಯಲು ಯೂಟ್ಯೂಬ್‌ಗಿಂತ ಒಳ್ಳೆಯ ಜಾಗ ಒಂದಿದೆ, ಅದೂ ಫುಕಟ್. ಸಾಲಕ್ಕೆ ರೇಟಿಂಗ್ ಕೊಡುವ ಕ್ರಿಸಿಲ್, ಇಕ್ರಾ, ಕೇರ್ ಸಂಸ್ಥೆಗಳು ತಮ್ಮ ಕಾರಣಗಳನ್ನು ಬರೆದು ಜಾಲತಾಣದಲ್ಲಿ ಹಾಕುತ್ತವೆ. ಈ ಸ್ಥಾವರದ ಕರೆಂಟ್ ಯಾವ ರಾಜ್ಯ ಕೊಳ್ಳುತ್ತದೆ, ಬಿಲ್ಲು ಎಷ್ಟು ದಿನಕ್ಕೆ ಬರುತ್ತಿದೆ, ಅಂದುಕೊಂಡಷ್ಟು ಉತ್ಪಾದನೆ ಆಗಿದೆಯೋ ಇಲ್ಲವೋ, ಒಂದೊಂದಕ್ಕೂ ಬೇರೆ ಬೇರೆ ಬರೆದಿರುತ್ತಾರೆ. ಸಾಲ ಕೊಡುವವರಿಗಾಗಿ ಬರೆದದ್ದು, ಹಾಗಾಗಿ ಹೊಗಳಿಕೆ ಕಡಿಮೆ. ಎಸ್ಕಾಂಗಳಿಗೂ ಕೇಂದ್ರ ಇಂಧನ ಸಚಿವಾಲಯ ವರ್ಷಕ್ಕೊಮ್ಮೆ ಶ್ರೇಣಿ ಕೊಡುತ್ತದೆ. ಕೊಳ್ಳುವ ರಾಜ್ಯದ ಶ್ರೇಣಿ ನೋಡಿದರೆ ಮಾರುವ ಕಂಪನಿಯ ನಿದ್ದೆ ಹೇಗಿದೆ ಅಂತ ಅರ್ಧ ತಿಳಿಯುತ್ತದೆ.

ಷೇರಿನ ಮಾತು ಹೊರತಾಗಿ ಮಾಳಿಗೆಯದೂ ಒಂದು ಲೆಕ್ಕ ಇದೆ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ತಿಂಗಳಿಗೆ 300 ಯುನಿಟ್ ಉರಿಸುವ, ಎಸಿ ಇರುವ ಮನೆ ಆದರೆ ಯುನಿಟ್‌ಗೆ ಸುಮಾರು 6 ರೂಪಾಯಿ ಉಳಿತಾಯ. ಕೈಯಿಂದ ಲಕ್ಷ ರೂಪಾಯಿ ಹಾಕಿದರೆ ಐದಾರು ವರ್ಷಕ್ಕೆ ವಾಪಸ್, ಉಳಿತಾಯಕ್ಕೆ ಆದಾಯ ತೆರಿಗೆ ಇಲ್ಲ, ಇಷ್ಟು ಖಚಿತವಾದ ಪ್ರತಿಫಲ ಮೇಲೆ ಹೇಳಿದ ಯಾವ ಷೇರೂ ಕೊಡುವುದಿಲ್ಲ. 200 ಯುನಿಟ್ ಒಳಗೆ ಇರುವ, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ಮಾತ್ರ ಇದು ಬೇಕಾಗಿಲ್ಲ. ಸಾವ್ಕಾರರು ಮಿಲ್ಲಿನ ಮೇಲೆ ಹಾಕಿಸಿದ್ದಾರೆ. ಅವರಿಗೆ ಯಾರೂ ಉಚಿತ ಕೊಡುವುದಿಲ್ಲ, ಮಿಲ್ಲು ಓಡುವುದೂ ಹಗಲು ಹೊತ್ತೇ. "ನನ್ನ ಮಾಲ್ ನಾನೇ ತಗೋತೀನಿ, ಉದ್ರಿ ಮಾತೇ ಇಲ್ಲ" ಅಂತಾರೆ.

ಒಟ್ಟು ಷೇರು ಹೂಡಿಕೆಯಲ್ಲಿ ಈ ಕ್ಷೇತ್ರಕ್ಕೆ ನಾನು 15%ಗಿಂತ ಜಾಸ್ತಿ ಬಿಡುವುದಿಲ್ಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಂತಿಯದೇ. ಎಲ್ಲ ಕಂಪನಿಗೂ ಹೆಚ್ಚುಕಡಿಮೆ ಒಂದೇ ಗಿರಾಕಿ, ಒಂದೇ ಬಡ್ಡಿ ದರ, ಒಂದೇ ಸಚಿವಾಲಯ ಇರುವಾಗ ಐದು ಹೆಸರು ಇಟ್ಟುಕೊಂಡು ಹಂಚಿ ಹಾಕಿದ್ದೇನೆ ಅಂದರೆ ಅದು ಸುಮ್ನೆ ಸಮಾಧಾನ. ವಸೂಲಾಗದ ಬಿಲ್ಲು ಎರಡು ವರ್ಷ ಸತತ ಏರಿದರೆ, ಅಥವಾ ಲಾಭ ತೋರಿಸುತ್ತಾ ಕೈಗೆ ನಗದು ಬರದಿದ್ದರೆ ಮಾರುತ್ತೇನೆ. ಒಂದು ವರ್ಷ ದಾಟಿದ ಷೇರು ಮಾರಿದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ 12.5%. ವರ್ಷದೊಳಗೆ ಮಾರಿದರೆ 20%. ಲಾಭಾಂಶ 2020ರಿಂದ ನಮ್ಮ ಆದಾಯಕ್ಕೇ ಸೇರುತ್ತದೆ, ಹಾಗಾಗಿ ಸಂಬಳ ಜಾಸ್ತಿ ಇರುವವರು ಬರೀ ಡಿವಿಡೆಂಡ್ ನೋಡಿ ಪವರ್ ಗ್ರಿಡ್ ಕೊಳ್ಳುವ ಮೊದಲು ತಮ್ಮ ಸ್ಲ್ಯಾಬ್ ಕಳೆದು ಎಷ್ಟು ಉಳಿಯುತ್ತದೆ ಅಂತ ಒಂದು ಹಾಳೆಯ ಮೇಲೆ ಬರೆದು ನೋಡಿ.